ಗ್ರಾಮಸಭೆಯಲ್ಲಿ ಚಿತ್ರಪಟ ಮತ್ತು ಮಾದರಿಗಳ ಉಪಯೋಗ

ಗ್ರಾಮಸಭೆಯಲ್ಲಿಯಾಗಲಿ, ಸಹಕಾರ ಸಂಘದಲ್ಲಿಯಾಗಲಿ, ಬ್ಯಾಂಕಿನ ಅಧಿಕಾರಿಗಳ ಮುಂದಾಗಲಿ ಒಂದು ಯೋಜನೆಯನ್ನು ವಿವರಿಸಬೇಕಾದ ಸಂದರ್ಭಗಳು ಊರಿನ ಮುಖಂಡರಿಗೂ ಹಿಡುವಳಿದಾರರಿಗೂ ಆಗಾಗ್ಗೆ ಒದಗುವುವು. ಬಾಯಿಮಾತಿನ ಲೆಕ್ಕವು ಕೇಳಿದವರ ಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲಲಾರದು. ಅರ್ಥವಾಗದೆ ಕೊಟ್ಟ ಸಮ್ಮತಿಯು, ಹಣ ಖರ್ಚಾದ ಮೇಲೆ ತಕರಾರಾಗಿ ಪರಿಣಮಿಸುವುದು. ಆದುದರಿಂದ ಕಣ್ಣಿಗೆ ಕಾಣುವಂತೆ ವಿವರಿಸುವ ಕ್ರಮವನ್ನು ಅರಿತಿರುವುದು ಅವಶ್ಯಕ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆ ಮತ್ತು ಕೊಳವೆ ಬಾವಿಗಳೇ ಆಧಾರ. ಕೆರೆಯ ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ 43,560 ಘನ ಅಡಿ, ಅಂದರೆ ಸುಮಾರು 12 ಲಕ್ಷ 33 ಸಾವಿರ ಲೀಟರು ನೀರಿಗೆ ಸ್ಥಳವಾಗುವುದು. ಈ ಅಂಕೆಯನ್ನು ಹಾಗೆಯೇ ಓದಿದರೆ ಅದರ ಪ್ರಮಾಣವು ಯಾರಿಗೂ ಹೊಳೆಯದು. 10,000 ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ಎಣಿಸಿದರೆ 123 ಲಾರಿಗಳಾಗುವುವು. ಹತ್ತು ಲಾರಿಗೆ ಒಂದರಂತೆ ಹನ್ನೆರಡು ಲಾರಿಗಳ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ತೋರಿಸಿದರೆ ಓದು ಬಾರದವರಿಗೂ ವಿಷಯ ತಿಳಿಯುವುದು. ಇದರೊಡನೆ ಒಂದೇ ಅಳತೆಯ ಎರಡು ಗಾಜಿನ ಪಾತ್ರೆಗಳನ್ನಿಟ್ಟು, ಒಂದರಲ್ಲಿ ಅರ್ಧದವರೆಗೆ ಕೆರೆಯ ಗೋಡನ್ನು ತುಂಬಿ, ಎರಡಕ್ಕೂ ಸಮನಾಗಿ ನೀರು ಹೊಯ್ಯಬೇಕು. ಗೋಡಿರುವ ಪಾತ್ರೆಯು ಮೊದಲು ತುಂಬಿ ಹೊರಚೆಲ್ಲುವುದನ್ನು ಸಭೆಯು ತಾನೇ ನೋಡುವುದು.

ಆದರೆ ಹೂಳು ತೆಗೆದ ಮಾತ್ರಕ್ಕೆ ಕೆರೆ ತುಂಬದು. ನೀರು ಬರುವ ಕಾಲುವೆಗಳೂ ತೆರವಾಗಿರಬೇಕು. ಇದಕ್ಕೆ ನಕ್ಷೆಯೇ ತಕ್ಕ ಸಾಧನ. ನೆಲದ ಮೇಲೆ ರಂಗೋಲಿ ಪುಡಿಯಿಂದ ಊರು, ಕೆರೆ, ಕಾಲುವೆ, ಗೋಮಾಳಗಳನ್ನು ದಿಕ್ಕು ತಪ್ಪದಂತೆ ಗ್ರಾಮಸ್ಥರಿಂದಲೇ ಬರೆಸತಕ್ಕದ್ದು. ಕಾಲುವೆಯು ಎಲ್ಲಿ ಮುಚ್ಚಿಹೋಗಿದೆಯೆಂಬುದನ್ನು ವೃದ್ಧರೂ ಸ್ತ್ರೀಯರೂ ಬೆರಳಿಟ್ಟು ತೋರಿಸಲು ಇದರಿಂದ ಅವಕಾಶವಾಗುವುದು.

ಮಣ್ಣಿನ ಕೊಚ್ಚಣೆಯನ್ನು ತೋರಿಸಬೇಕಾದರೆ, ಒಂದೇ ಇಳಿಜಾರಿನಲ್ಲಿಟ್ಟ ಎರಡು ತಟ್ಟೆಗಳಲ್ಲಿ ಹೊಲದ ಮಣ್ಣನ್ನು ಹಾಕಿ, ಒಂದಕ್ಕೆ ಮಾತ್ರ ರಾಗಿಹುಲ್ಲನ್ನು ಹೊದಿಸಿ, ಎರಡಕ್ಕೂ ನೀರು ಚಿಮುಕಿಸಬೇಕು. ಬರಿ ಮಣ್ಣಿನಿಂದ ಹರಿದ ನೀರಿನ ಕೆಂಪು ಬಣ್ಣವು ಉದ್ದನೆಯ ಭಾಷಣಕ್ಕಿಂತ ಹೆಚ್ಚು ಹೇಳುವುದು.

ಈ ಕ್ರಮವು ಹೊಸದಲ್ಲ. 1903ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಟೆರೆಲ್ ಎಂಬಲ್ಲಿ ಸೀಮನ್ ನ್ಯಾಪ್ ಎಂಬವರು ರೈತನೊಬ್ಬನ ಜಮೀನಿನಲ್ಲಿಯೇ ಬೇಸಾಯದ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದರು. ನಮ್ಮ ರಾಜ್ಯದಲ್ಲಿ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ ಉಪಗ್ರಹದ ಚಿತ್ರಗಳಿಂದ ತಯಾರಿಸಿದ ನಕ್ಷೆಗಳನ್ನು ಉಪಯೋಗಿಸಲಾಯಿತು.

ಚಿತ್ರಪಟವನ್ನು ತಯಾರಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಒಂದು ಪಟದಲ್ಲಿ ಒಂದೇ ವಿಷಯವಿರಲಿ. ಹಿಂದಿನ ಸಾಲಿನವರಿಗೂ ಅಕ್ಷರಗಳು ಕಾಣುವಂತಿರಲಿ.

2. ಪಟದ ಕಡೆ ಮುಖಮಾಡಿ ಓದದೆ ಸಭೆಯ ಕಡೆ ತಿರುಗಿ ಮಾತನಾಡಬೇಕು. ಆ ವಿಷಯದ ಪ್ರಸ್ತಾಪ ಬರುವವರೆಗೆ ಪಟವನ್ನು ಮುಚ್ಚಿಡುವುದು ಲೇಸು.

3. ಪ್ರೊಜೆಕ್ಟರ್ ಇದ್ದರೂ, ವಿದ್ಯುತ್ತು ನಿಂತಾಗ ಸಭೆ ನಿಲ್ಲದಂತೆ ಬಟ್ಟೆಯ ಪಟವೊಂದು ಸಿದ್ಧವಿರಲಿ.

4. ಅಳತೆಯ ಕಂಬಗಳನ್ನು ಸೊನ್ನೆಯಿಂದಲೇ ಎಬ್ಬಿಸಬೇಕು. ಎಕರೆಗೆ 10 ಕ್ವಿಂಟಾಲಿದ್ದ ಬೆಳೆ 11 ಕ್ವಿಂಟಾಲಾಯಿತೆಂದು ಇಟ್ಟುಕೊಳ್ಳೋಣ. ಕಂಬಗಳನ್ನು 9ರಿಂದ ಆರಂಭಿಸಿದರೆ ಇಳುವರಿಯು ಇಮ್ಮಡಿಯಾದಂತೆ ತೋರುವುದು. ನಿಜವಾದ ಹೆಚ್ಚಳವಾದರೋ ಹತ್ತರಲ್ಲಿ ಒಂದು ಪಾಲು ಮಾತ್ರ. ಇದು ಸುಳ್ಳು ಹೇಳಿದಂತೆಯೇ ಸರಿ.

5. ಲಾಭದ ಪಕ್ಕದಲ್ಲಿಯೇ ಖರ್ಚನ್ನೂ ತೋರಿಸಬೇಕು. ಚೆನ್ನಾಗಿ ಬೆಳೆದ ಮಡಿಯ ಛಾಯಾಚಿತ್ರವನ್ನು ಮಾತ್ರ ತಂದು, ಒಣಗಿದ ಮಡಿಯನ್ನು ಮರೆಮಾಡಿದವರ ಮಾತನ್ನು ಮುಂದಿನ ವರ್ಷ ಯಾರೂ ನಂಬರು.

ಸಭೆಯ ಹಿಂದಿನ ದಿನ ಓದು ಬಾರದ ಹಿರಿಯರೊಬ್ಬರಿಗೆ ಪಟವನ್ನು ತೋರಿಸಿ, ಅದರ ಅರ್ಥವನ್ನು ಅವರಿಂದಲೇ ಹೇಳಿಸಬೇಕು. ಅವರು ಸರಿಯಾಗಿ ಹೇಳಿದರೆ ಪಟವು ಸಭೆಗೆ ಯೋಗ್ಯ. ತಡವರಿಸಿದರೆ ಪಟವನ್ನೇ ತಿದ್ದತಕ್ಕದ್ದು.