ಜಾತ್ರೆ ಗೆಲ್ಲಿಸುವ ಏಳು ಸೂತ್ರಗಳು

ಜಾತ್ರೆ ಗೆದ್ದಿತೋ ಸೋತಿತೋ ಎಂಬುದು ತೇರು ನೆಲೆ ನಿಂತ ದಿನ ಗೊತ್ತಾಗುವುದಿಲ್ಲ. ಜಾತ್ರೆಯಲ್ಲಿ ಅಂಟಿದ ಕಾಲರಾ, ರೋಗಾಣು ಹೊಟ್ಟೆ ಸೇರಿದ ಕೆಲವೇ ಗಂಟೆಗಳಲ್ಲೂ ಕಾಣಿಸಿಕೊಳ್ಳಬಹುದು, ಐದು ದಿನ ಸುಮ್ಮನಿದ್ದೂ ಮೇಲೇಳಬಹುದು. ಜಾತ್ರಾ ಸಮಿತಿಯವರೇ, ಇವಿಷ್ಟು ನಿಮಗೆ.

1. ಮೊದಲು ನೀರು, ಆಮೇಲೆ ಶಾಮಿಯಾನ. ಬಯಲಿನಲ್ಲಿ ಗಾಳಿಯಾಡುವುದರಿಂದ ಉಸಿರಿನ ರೋಗಗಳಿಗೆ ತುಸು ಕಡಿವಾಣವಿದೆ. ನೀರಿನ ರೋಗಗಳಿಗೆ ಅದೂ ಇಲ್ಲ. ಸಾವಿರ ಲೀಟರ್ ತಿಳಿನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಬೇಕು. ಬಕೆಟ್‌ನಲ್ಲಿ ಕಲಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಬಿಡಿ. ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಬೇಡಿ. ಕೊನೆಯ ನಲ್ಲಿಯ ನೀರು ಹಿಡಿದು ಓಟಿ (ಆರ್ಥೊಟೊಲಿಡಿನ್) ದ್ರಾವಣ ಹಾಕಿ: ಹಳದಿ ಬಂದರೆ ಕ್ಲೋರಿನ್ ಉಂಟು, ಇಲ್ಲದಿದ್ದರೆ ಇಲ್ಲ. ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಮೂಟೆಯನ್ನು ನಂಬಬೇಡಿ, ಅದರ ಕಸುವು ಇಳಿದಿರುತ್ತದೆ. ಅದನ್ನೇ ರಸ್ತೆ ಬದಿಗೆ ರಂಗೋಲಿಯಂತೆ ಎಳೆಯುವುದು ಬರುವ ಸಾಹೇಬರ ಕಣ್ಣಿಗೆ ಚೆಂದ, ಕುಡಿಯುವ ನೀರಿಗೆ ಅದರಿಂದ ಏನೂ ಆಗುವುದಿಲ್ಲ.

2. ಡ್ರಮ್ಮಿಗೆ ಮಗ್ ಅದ್ದಲು ಬಿಡಬೇಡಿ. ನಲ್ಲಿ ಕೂರಿಸಿ.

3. ಪಾನಕ, ಮಜ್ಜಿಗೆಗೆ ಹಾಕುವ ಐಸ್ ಎಲ್ಲಿಯದು ಎಂದು ಕೇಳಿ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ.

4. ರಾತ್ರಿ ಬೇಯಿಸಿ ರಾಶಿ ಹಾಕಿದ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಕಲಸಬೇಡಿ. ಅಂಥ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಇನ್ನೊಂದು ಮಾತು: ಹೊಟ್ಟೆ ಕೆಟ್ಟ ಅಡುಗೆಯವರಿಗೆ ಕೂಲಿ ಸಮೇತ ರಜೆ ಕೊಡಿ. ಕೂಲಿ ಕತ್ತರಿಸುತ್ತೀರಿ ಎಂದಾದರೆ ಯಾರೂ ಬಾಯಿ ಬಿಡುವುದಿಲ್ಲ, ಅದೇ ಕೈ ಕೋಸಂಬರಿ ಕಲಸುತ್ತದೆ.

5. ಶೌಚಾಲಯದ ಬಾಗಿಲಲ್ಲೇ ಸೋಪು, ನೀರು ಇಡಿ. ವಾಂತಿಭೇದಿ ತರುವ ನೋರೋವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗದು.

6. ಮಕ್ಕಳ ದಡಾರ ಲಸಿಕೆ ಬಾಕಿ ಇದ್ದರೆ ಜಾತ್ರೆಗೆ ಮುಂಚೆಯೇ ಕೊಡಿಸಲು ಡಂಗುರ ಹೊಡೆಸಿ. ಮೈಮೇಲೆ ದಡಾರ ಏಳುವ ನಾಲ್ಕು ದಿನ ಮೊದಲೇ ಮಗು ಅದನ್ನು ಹಂಚಲು ಶುರು ಮಾಡಿರುತ್ತದೆ. ಹಜ್‌ಗೆ ಹೊರಟವರು ಕನಿಷ್ಠ ಹತ್ತು ದಿನ ಮೊದಲೇ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು. ಸೌದಿ ಸರ್ಕಾರ ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ. ನಮ್ಮ ಜಾತ್ರೆಗಳಿಗೆ ಅಂಥ ಕಟ್ಟುನಿಟ್ಟು ಇಲ್ಲ, ಆದ್ದರಿಂದಲೇ ಡಂಗುರ.

7. ಜನ ಚದುರಿದ ಮೇಲೂ ಕಿವಿ ತೆರೆದಿರಿ. 1867ರ ಹರಿದ್ವಾರದ ಕುಂಭಮೇಳ ಮುಗಿಸಿ ಊರಿಗೆ ಹೊರಟ ಯಾತ್ರಿಕರ ಜತೆಗೇ ಕಾಲರಾ ಉತ್ತರ ಭಾರತದ ಊರೂರಿಗೆ ಇಳಿಯುತ್ತ ಹೋಯಿತು. ಭೇದಿ ಶುರುವಾದರೆ ಓಆರ್‌ಎಸ್ ಕುಡಿಸಿ. ಅದು ಕೈಗೆ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಭೇದಿ ಕಂಡರೆ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ. ಊರಿನ ಹೆಸರು ಕೆಡುತ್ತದೆಂದು ದಯವಿಟ್ಟು ಮುಚ್ಚಿಡಬೇಡಿ.