ವಿಮೆಯ ಅರ್ಜಿಯಲ್ಲಿ ಕಾಯಿಲೆ ಬರೆಯಬೇಕೆ?

ಆರೋಗ್ಯ ವಿಮೆ ಮಾಡಿಸುವಾಗ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆ ಇದು: ‘ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಬರೆದರೆ ಪಾಲಿಸಿ ಕೊಡುತ್ತಾರೋ ಇಲ್ಲವೋ. ಸುಮ್ಮನಿದ್ದರೆ ಏನಾದೀತು?’ ಏನಾಗುತ್ತದೆ ಎಂಬುದು ತಿಳಿಯುವುದು ಆಸ್ಪತ್ರೆಯ ಬಿಲ್ಲು ಕೈಗೆ ಬಂದ ದಿನ. ಆಗ ತಿದ್ದಿಕೊಳ್ಳಲು ಕಾಲ ಮೀರಿರುತ್ತದೆ.

ವಿಮೆ ಎಂಬುದು ಪರಸ್ಪರ ನಂಬಿಕೆಯ ಕರಾರು. ನಿಮ್ಮ ದೇಹಸ್ಥಿತಿ ನಿಮಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ನೀವು ಕೊಟ್ಟ ಮಾಹಿತಿಯನ್ನು ನಂಬಿಯೇ ಅದು ಪಾಲಿಸಿ ಕೊಡಬೇಕೆ, ಪ್ರೀಮಿಯಂ ಎಷ್ಟು ಎಂಬುದನ್ನು ನಿರ್ಧರಿಸುತ್ತದೆ.

ಎರಡು ತೀರ್ಪುಗಳು

1990ರಲ್ಲಿ ಒಬ್ಬರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಬರೆದು ಮೆಡಿಕ್ಲೇಮ್ ಪಾಲಿಸಿ ಪಡೆದರು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇತ್ತು. ಕಂಪನಿ ಹಣ ಕೊಡಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ನಿಲುವನ್ನೇ ಎತ್ತಿಹಿಡಿಯಿತು.

ಇನ್ನೊಬ್ಬರು 1998ರಲ್ಲಿ ಅಮೆರಿಕಕ್ಕೆ ಹೊರಡುವ ಮುನ್ನ ಪಾಲಿಸಿ ಪಡೆದರು. ಸಕ್ಕರೆ ಕಾಯಿಲೆ ಇರುವುದನ್ನು ತಿಳಿಸಿದ್ದರು. ಅಲ್ಲಿ ಅವರಿಗೆ ಹೃದಯಾಘಾತವಾಯಿತು. ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಲಿಲ್ಲವೆಂದು ಕಂಪನಿ ಕ್ಲೇಮು ನಿರಾಕರಿಸಿತು. 2021ರಲ್ಲಿ ಸುಪ್ರೀಂ ಕೋರ್ಟು ಪಾಲಿಸಿದಾರರ ಪರ ತೀರ್ಪು ನೀಡಿತು. ಆರೋಗ್ಯಸ್ಥಿತಿ ತಿಳಿದುಕೊಂಡು ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡಿ ನುಣುಚಿಕೊಳ್ಳುವಂತಿಲ್ಲ ಎಂಬುದು ಅದರ ಸಾರ.

ನಿಯಮ ಏನು?

2024ರ ನಿಯಮದಂತೆ, ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಯೇ ‘ಮುಂಚಿನ ಕಾಯಿಲೆ’. ಅದನ್ನು ತಿಳಿಸಿದರೆ ಕಂಪನಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಆನಂತರ ಅದಕ್ಕೂ ರಕ್ಷಣೆ ಸಿಗುತ್ತದೆ. ಪಾಲಿಸಿ 60 ತಿಂಗಳು ತಪ್ಪದೆ ನಡೆದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂದು ಕ್ಲೇಮು ತಿರಸ್ಕರಿಸುವಂತಿಲ್ಲ. ಹಾಗೆಂದು ಬೇಕೆಂದೇ ಮುಚ್ಚಿಟ್ಟು ಐದು ವರ್ಷ ಕಾಯುವುದು ಜಾಣತನವಲ್ಲ. ಅದನ್ನೇ ವಂಚನೆ ಎಂದು ವಾದಿಸಬಹುದು. ಕಾಯಿಲೆಯಂತೂ ಅಲ್ಲಿಯವರೆಗೆ ಕಾಯುವುದಿಲ್ಲ.

ವೈದ್ಯರ ಬಳಿ ಸುಳ್ಳು ಬೇಡ

ದಾಖಲಾದಾಗ ವೈದ್ಯರು ‘ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ನಿಮ್ಮ ಉತ್ತರ ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಕಂಪನಿಯೂ ಅದನ್ನು ನೋಡುತ್ತದೆ. ಇದಕ್ಕೆ ಹೆದರಿ ವೈದ್ಯರಿಗೇ ಸುಳ್ಳು ಹೇಳಿದರೆ ಪ್ರಾಣಕ್ಕೆ ಸಂಚಕಾರ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವುದು ತಿಳಿಯದೆ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವ ನಿಲ್ಲದೆ ಹೋಗಬಹುದು. ಹಣ ಹೋದರೆ ಮತ್ತೆ ಗಳಿಸಬಹುದು.

ನೆನಪಿಡಬೇಕಾದ ಅಂಶಗಳು

* ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ‘ಬಿಪಿ ಎಲ್ಲರಿಗೂ ಇರುತ್ತೆ, ಬರೆಯೋದು ಬೇಡ’ ಎಂದು ಏಜೆಂಟರು ಹೇಳಿದರೂ ಕೇಳಬೇಡಿ. ಸಹಿ ನಿಮ್ಮದು, ಹೊಣೆಯೂ ನಿಮ್ಮದೇ.
* ದಿನವೂ ನುಂಗುವ ಮಾತ್ರೆ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆಯಿರಿ. ಅರ್ಜಿಯ ಪ್ರತಿಯನ್ನು ಇಟ್ಟುಕೊಳ್ಳಿ.
* ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಲು 30 ದಿನಗಳ ಅವಕಾಶವಿದೆ. ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು.
* ಈಗಾಗಲೇ ಏನಾದರೂ ಬಿಟ್ಟುಹೋಗಿದ್ದರೆ ಕಂಪನಿಗೆ ಇಂದೇ ಲಿಖಿತವಾಗಿ ತಿಳಿಸಿ. ಪ್ರೀಮಿಯಂ ಹೆಚ್ಚಬಹುದು, ಷರತ್ತು ಬದಲಾಗಬಹುದು. ಆದರೂ ಕಷ್ಟಕಾಲದಲ್ಲಿ ಕೈಬಿಡುವ ಪಾಲಿಸಿಗಿಂತ ಅದು ಮೇಲು.
* ಕೇಸ್ ಶೀಟಿನಲ್ಲಿ ‘10 ತಿಂಗಳು’ ಎಂಬುದು ‘10 ವರ್ಷ’ ಎಂದಾಗಿದ್ದರೆ, ಚಿಕಿತ್ಸೆ ನೀಡಿದ ವೈದ್ಯರಿಂದಲೇ ತಿದ್ದುಪಡಿ ಪತ್ರ ಪಡೆಯಿರಿ.
* ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಂದು ಸಂಜೆ ಬೀರುವಿನಲ್ಲಿರುವ ಪಾಲಿಸಿಯನ್ನು ತೆಗೆದು, ಮನೆಯವರೆಲ್ಲ ಕುಳಿತು ಒಮ್ಮೆ ಓದಿ. ಅಪ್ಪ ನುಂಗುವ ಮಾತ್ರೆಗೆ ಕಾರಣವಾದ ಕಾಯಿಲೆ ಅದರಲ್ಲಿ ನಮೂದಾಗಿದೆಯೇ ನೋಡಿ.