ಬೆಲೆ ಮತ್ತು ಬಿಡುಗಡೆ: ‘ಹಕಲ್‌ಬರಿ ಫಿನ್’ ಕಾದಂಬರಿಯ ಜಿಮ್

ಮಾರ್ಕ್ ಟ್ವೇನ್‌ನ ‘ಅಡ್ವೆಂಚರ್ಸ್ ಆಫ್ ಹಕಲ್‌ಬರಿ ಫಿನ್’ (1884-85) ಕಾದಂಬರಿಯ ವಿಮರ್ಶೆ ಬಹುಪಾಲು ಹಕ್‌ನ ಅಂತಃಸಾಕ್ಷಿಯ ಸುತ್ತ ಬೆಳೆದಿದೆ. ಓಡಿಬಂದ ಗುಲಾಮನನ್ನು ಹಿಡಿದುಕೊಡಬೇಕೇ ಬೇಡವೇ ಎಂಬ ಹುಡುಗನ ತೊಳಲಾಟ ಕೃತಿಯ ನೈತಿಕ ಕೇಂದ್ರವೆಂಬುದು ನಿಜ. ಆದರೆ ಇಂತಹ ಓದಿನಲ್ಲಿ ಜಿಮ್ ಮತ್ತೊಬ್ಬನ ಪರೀಕ್ಷೆಗೆ ಒದಗಿದ ನಿಮಿತ್ತ ಮಾತ್ರವಾಗಿಬಿಡುತ್ತಾನೆ. ಅವನ ಬಿಡುಗಡೆಯ ದಾರಿಯನ್ನು ಅವನಿಗೆ ಕಟ್ಟಲಾದ ಬೆಲೆಗಳ ಮೂಲಕ ಹಿಂಬಾಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಪರಿಭಾಷೆಯ ತೊಡಕೊಂದಿದೆ. ಕನ್ನಡದಲ್ಲಿ ‘ದಾಸ’ ಎಂದರೆ ಭಕ್ತಿಪರಂಪರೆಯ ಗೌರವ ಅಂಟಿಕೊಳ್ಳುತ್ತದೆ. ‘ಜೀತ’ ಎಂದರೆ ಸಾಲ-ದುಡಿಮೆಗಳ ಸಂಬಂಧ ನೆನಪಾಗುತ್ತದೆ. ಜಿಮ್ ಸಾಲಗಾರನಲ್ಲ, ಕಾನೂನಿನ ಕಣ್ಣಿನಲ್ಲಿ ಸೊತ್ತು. ಆದ್ದರಿಂದ ‘ಗುಲಾಮ’ ಎಂಬ ಪದವನ್ನೇ ಬಳಸಿದೆ.

ಮಿಸ್ ವಾಟ್ಸನ್ ತನ್ನನ್ನು 800 ಡಾಲರುಗಳಿಗೆ ನ್ಯೂ ಆರ್ಲಿಯನ್ಸ್‌ಗೆ ಮಾರಲಿರುವುದನ್ನು ಕೇಳಿಸಿಕೊಂಡ ಜಿಮ್ ಓಡಿಹೋಗುತ್ತಾನೆ. ನದಿಯ ಆಚೆ ದಡ ಇಲಿನಾಯ್, ಗುಲಾಮಗಿರಿಯಿಲ್ಲದ ರಾಜ್ಯ. ಆದರೂ ಅಲ್ಲಿ ಅಭಯವಿಲ್ಲ. 1793ರ ಕಾನೂನು ಅಂತಹ ರಾಜ್ಯಗಳಲ್ಲಿಯೂ ಓಡಿಬಂದವರನ್ನು ಹಿಡಿಯುವ ಅಧಿಕಾರವನ್ನು ಒಡೆಯರಿಗೆ ನೀಡಿತ್ತು. ಹೀಗಾಗಿ ಕೈರೋ ಪಟ್ಟಣದ ಬಳಿ ಓಹಾಯೋ ನದಿಗೆ ಹೊರಳಿಕೊಳ್ಳುವ ಯೋಜನೆ. ಮಂಜಿನಲ್ಲಿ ಕೈರೋ ತಪ್ಪಿಹೋಗುತ್ತದೆ; ತೆಪ್ಪ ಗುಲಾಮಗಿರಿಯ ದಕ್ಷಿಣಕ್ಕೇ ಇಳಿಯುತ್ತದೆ.

ಜಾಕ್ಸನ್ ದ್ವೀಪದಲ್ಲಿ ಜಿಮ್ ಆಡುವ ಮಾತೊಂದು ಗಮನಾರ್ಹ. ತನ್ನ ಒಡೆತನ ಈಗ ತನ್ನದೇ, ತನ್ನ ಬೆಲೆ 800 ಡಾಲರು, ಆದ್ದರಿಂದ ತಾನು ಸಿರಿವಂತ ಎಂದು ಅವನು ಲೆಕ್ಕ ಹಾಕುತ್ತಾನೆ. ಇದನ್ನು ಮುಗ್ಧತೆಯ ಹಾಸ್ಯವೆಂದು ಓದುವುದು ರೂಢಿ. ಮಾರುಕಟ್ಟೆ ತನಗೆ ಕಟ್ಟಿದ ಬೆಲೆಯನ್ನೇ ಕಿತ್ತುಕೊಂಡು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವ ಈ ಜಾಣ್ಮೆಯನ್ನು ಮುಗ್ಧತೆಯೆನ್ನುವುದು ಕಷ್ಟ. ಕೈರೋ ಸಮೀಪಿಸಿದಾಗ ಅವನ ಆಶಯ ಇನ್ನೂ ಸ್ಪಷ್ಟವಾಗುತ್ತದೆ: ದುಡಿದು ಹೆಂಡತಿಯನ್ನು ಕೊಳ್ಳುವುದು, ಇಬ್ಬರೂ ದುಡಿದು ಇಬ್ಬರು ಮಕ್ಕಳನ್ನು ಕೊಳ್ಳುವುದು, ಒಡೆಯ ಮಾರದಿದ್ದರೆ ಕದ್ದು ತರಿಸುವುದು. ಹಕ್ ಬೆಚ್ಚಿಬೀಳುವುದು ಇಲ್ಲಿಯೇ. ಜಿಮ್‌ನ ಪಾಲಿಗೆ ಬಿಡುಗಡೆ ಒಂಟಿ ವ್ಯಕ್ತಿಯದಲ್ಲ.

ಮುಂದೆ ಬೆಲೆಗಳು ಬದಲಾಗುತ್ತವೆ. ‘ರಾಜ’ನೆಂಬ ವಂಚಕ ಅವನನ್ನು 40 ಡಾಲರುಗಳಿಗೆ ಮಾರುತ್ತಾನೆ. ಫೆಲ್ಪ್ಸ್ ಜಮೀನಿನಿಂದ ತಪ್ಪಿಸಿಕೊಳ್ಳುವಾಗ ಗುಂಡೇಟು ತಿಂದ ಟಾಮ್‌ನನ್ನು ಬಿಟ್ಟು ಹೋಗಲೊಲ್ಲದೆ, ಜಿಮ್ ಕೈಗೆ ಬಂದ ಬಿಡುಗಡೆಯನ್ನು ತೊರೆಯುತ್ತಾನೆ. ಇಡೀ ಕೃತಿಯಲ್ಲಿ ಅವನು ಅತ್ಯಂತ ಸ್ವತಂತ್ರನಾಗಿ ನಡೆದುಕೊಳ್ಳುವ ಗಳಿಗೆ ಇದೇ ಎಂದು ನನ್ನ ಎಣಿಕೆ. ಅದನ್ನು ಮೆಚ್ಚಿದ ವೈದ್ಯನಿಗೂ ಹೊಗಳಲು ಬೇರೆ ಭಾಷೆ ಸಿಗದು: ಇಂಥವನು 1000 ಡಾಲರು ಬಾಳುತ್ತಾನೆ ಎನ್ನುತ್ತಾನೆ!

ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ಸತ್ತು, ಉಯಿಲಿನ ಮೂಲಕ ಜಿಮ್‌ನನ್ನು ಬಿಡುಗಡೆಗೊಳಿಸಿದ್ದಳೆಂಬುದು ಕೊನೆಗೆ ತಿಳಿಯುತ್ತದೆ. ಟಾಮ್‌ಗೆ ಇದು ಮೊದಲೇ ಗೊತ್ತಿತ್ತು. ಸೆರೆಯಾಳಿನ ಪಾತ್ರವನ್ನು ಸೊಗಸಾಗಿ ನಿರ್ವಹಿಸಿದ್ದಕ್ಕೆ ಅವನು ಜಿಮ್‌ಗೆ 40 ಡಾಲರು ಕೊಡುತ್ತಾನೆ. ಜಿಮ್ ತಾನು ಮತ್ತೆ ಸಿರಿವಂತನಾದೆನೆಂದು ಹಿಗ್ಗುತ್ತಾನೆ. ಮೊದಲ ಸಿರಿತನ ಅವನು ತನಗೆ ತಾನೇ ಕೊಟ್ಟುಕೊಂಡದ್ದು. ಎರಡನೆಯದು ಹುಡುಗನೊಬ್ಬನ ಆಟಕ್ಕೆ ಸಂದ ಕೂಲಿ.

ಈ ಮುಕ್ತಾಯದ ಬಗ್ಗೆ ಆಕ್ಷೇಪಗಳು ಹಳೆಯವು. 1935ರಲ್ಲಿ ಹೆಮಿಂಗ್ವೆ, ಜಿಮ್ ಅಪಹರಣವಾದಲ್ಲಿಗೇ ಓದು ನಿಲ್ಲಿಸಬೇಕೆಂದ. 1953ರಲ್ಲಿ ಲಿಯೊ ಮಾರ್ಕ್ಸ್ ಅದನ್ನು ನೈತಿಕ ಸೋಲೆಂದು ವಾದಿಸಿದ. ನನಗೆ ಪ್ರಹಸನಕ್ಕಿಂತ ಹೆಚ್ಚು ಕಾಡುವುದು ಮೌನ. ಕೊನೆಯ ಅಧ್ಯಾಯದಲ್ಲಿ ಜಿಮ್‌ನ ಹೆಂಡತಿ ಮಕ್ಕಳ ಪ್ರಸ್ತಾಪವೇ ಇಲ್ಲ. ಉಯಿಲು ಅವರನ್ನು ಮುಟ್ಟುವುದಿಲ್ಲ. ಅವರನ್ನು ಕೊಳ್ಳಲು 40 ಡಾಲರು ಸಾಲದು. ಪರ್ಸಿವಲ್ ಎವೆರೆಟ್ ತನ್ನ ‘ಜೇಮ್ಸ್’ (2024) ಕಾದಂಬರಿಯಲ್ಲಿ ಕಥೆಯನ್ನು ಜಿಮ್‌ನ ಬಾಯಿಂದಲೇ ಹೇಳಿಸುತ್ತಾನೆ. ಅಲ್ಲಿ ಜಿಮ್ ಹೆಂಡತಿಯನ್ನೂ ಮಗಳನ್ನೂ ಹುಡುಕಿಕೊಂಡು ಹಿಂದಿರುಗುತ್ತಾನೆ.